ಕಾವಳದಲ್ಲಿ ಕೇಳಿಸಿದ್ದು

ಸಾರು ಸಾಕಾ ಎಂದು ಸೊಸೆ ಕೇಳಿದ್ದು ಬುರ್ಗಿಗೆ ಕಾರು ಎಂದು ಕೇಳಿಸಿತು. "ಕೆಳಗೇ ನಿಲ್ಲಿಸಿದಾನಲ್ಲ, ಸೇತುವೆ ಹತ್ರ," ಎಂದುಬಿಟ್ಟಳು. ಮಗ ಕಾಸಿಯನ್ ನಕ್ಕ. ಬೆಟ್ಟದ ಮೇಲಿನ ಆ ಹೋಟೆಲಿನಲ್ಲಿ ಅದೇ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡಿದ್ದ ಗುರುತಿಲ್ಲದ ಗಂಡಹೆಂಡಿರೂ ನಕ್ಕರು. ಸೌಟು ಹಿಡಿದಿದ್ದ ವೆರೇನಾ ಮಾತ್ರ ನಗಲಿಲ್ಲ. ಬ್ರೆಡ್ಡಿಗೆ ಬೂಷ್ಟು ಹತ್ತಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವ ಹಾಗೆ ಅತ್ತೆಯ ಮುಖ ನೋಡಿದಳು. "ಸಾರು ಸಾಕಾ ಅಂತೆ, ಅಜ್ಜಿ," ಎಂದಳು ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಆಫ್ರಾ, ತಟ್ಟೆಯಿಂದ ತಲೆಯೆತ್ತದೆ. ಬುರ್ಗಿ ತಾನೂ ನಕ್ಕು, ತಮಾಷೆಗೇ ಹಾಗಂದೆ ಎಂಬಂತೆ ಬಟ್ಟಲನ್ನು ಮುಂದಕ್ಕೆ ಒಡ್ಡಿದಳು. ಹೊಟ್ಟೆ ತುಂಬಿತ್ತು, ಆದರೂ ಒಡ್ಡಿದಳು. ಬಟ್ಟಲಿಗೆ ಬಿದ್ದ ಬ್ರೆಡ್ಡಿನ ಉಂಡೆಯನ್ನು ಚಮಚದಲ್ಲಿ ಒಡೆದು ಒಡೆದು ನುಂಗುವಾಗ, ಇದು ಸಾರಿನ ಋಣವಲ್ಲ, ಸುಳ್ಳಿನ ಋಣ ಎನ್ನಿಸಿತು.

ಮೂರು ಚಳಿಗಾಲದಿಂದ ಮಾತುಗಳು ಅವಳ ಹತ್ತಿರ ಬರುವಷ್ಟರಲ್ಲಿ ತುದಿ ಮುರಿದುಕೊಂಡಿರುತ್ತಿದ್ದವು. ಗಂಡಸರ ಮಾತು ಹೇಗೋ ದಕ್ಕುತ್ತಿತ್ತು. ವೆರೇನಾಳ ಸಣ್ಣ ದನಿಯಂತೂ ಗಾಜಿನ ಆಚೆ ನಿಂತು ತುಟಿಯಾಡಿಸಿದಂತೆ. ಎಡಗಿವಿಯೊಳಗೆ, ಒಲೆಯ ಮೇಲಿಟ್ಟು ಮರೆತ ಕೆಟಲಿನ ಸಿಳ್ಳೆಯಂಥದೊಂದು ಸದಾ ಇರುತ್ತಿತ್ತು. ಇದಕ್ಕೆ ಅವಳು ಕಂಡುಕೊಂಡ ಉಪಾಯವೆಂದರೆ ಬೇರೆಯವರು ಬಾಯಿ ತೆರೆಯುವ ಮೊದಲೇ ತಾನು ಮಾತಾಡುವುದು. ಗಂಡ ಸೆರಾಫಿನ್ ಹೋದ ಮೇಲೆ ಬುರ್ಗಿ ಬಾಯಿಬಡುಕಿಯಾದಳು ಎಂದು ಊರಿನಲ್ಲಿ ಆಡಿಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆಡಿಕೊಳ್ಳಲಿ. ಕಿವುಡಿ ಎನ್ನುವುದಕ್ಕಿಂತ ಬಾಯಿಬಡುಕಿ ಎನ್ನುವುದು ವಾಸಿ. ಕಿವುಡಿ ಎಂದಾದರೆ, ಕಾಸಿಯನ್ ಕಣಿವೆಯ ಬಸ್ಸು ಓಡಿಸುವ, ವೆರೇನಾ ಔಷಧಿ ಅಂಗಡಿಯಲ್ಲಿ ನಿಲ್ಲುವ ಮಧ್ಯಾಹ್ನಗಳಲ್ಲಿ ಆಫ್ರಾಳನ್ನು ಅವಳ ಹತ್ತಿರ ಬಿಡುತ್ತಾರೆಯೇ? ಶಾಲೆಯ ಚೀಲ ಹೊತ್ತು ಮೆಟ್ಟಿಲು ಹತ್ತಿ ಬರುವ ಆ ಮಗು ಬಿಟ್ಟರೆ ಬುರ್ಗಿಯ ಮನೆಯ ಬಾಗಿಲಿಗೆ ಬರುವುದು ಹಿಮ ಮಾತ್ರ.

ಮಗುವಿಗೆ ಗೊತ್ತಿತ್ತು. ಯಾವಾಗಿನಿಂದ ಎಂದು ಹೇಳುವುದು ಕಷ್ಟ. ಯಾರು ಏನಂದರೂ ಅದನ್ನು ಗಿಣಿಯ ಹಾಗೆ ಇನ್ನೊಮ್ಮೆ, ತುಸು ಗಟ್ಟಿಯಾಗಿ ಹೇಳುವ ಚಾಳಿ ಅದಕ್ಕೆ ಹತ್ತಿಕೊಂಡಿತ್ತು. ಮೊದಲು ಅಜ್ಜಿಯ ಮುಂದೆ ಮಾತ್ರ, ಬರಬರುತ್ತ ಎಲ್ಲರ ಮುಂದೆ, ಶಾಲೆಯಲ್ಲೂ. ಟೀಚರು ದೂರು ಕೊಟ್ಟಿದ್ದರು. ಇನ್ಸ್‌ಬ್ರುಕ್ ಪಟ್ಟಣದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರು ಒಬ್ಬರಿದ್ದಾರಂತೆ, ಈಸ್ಟರಿನ ಮೊದಲು ತೋರಿಸಬೇಕು ಎಂದು ವೆರೇನಾ ಕ್ರಿಸ್‌ಮಸ್ಸಿನ ದಿನ ಹೇಳಿದಾಗ ಬುರ್ಗಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದಳು: ಹೌದು ಹೌದು, ತೋರಿಸಿಬಿಡಿ, ಬೆಳೆಯೋ ಮಗು. ಹಾಗೆ ಹೇಳುವಾಗ ಆಫ್ರಾ ತನ್ನನ್ನು ನೋಡಿದ ರೀತಿ. ಆ ನೋಟದಲ್ಲಿ ಬೇಸರವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಕಿಟಕಿಯಾಚೆ ಮೊದಲು ಎದುರಿನ ಶಿಖರ ಹೋಯಿತು, ಆಮೇಲೆ ಕೇಬಲ್ ಕಾರಿನ ಕಂಬ, ಆಮೇಲೆ ಅಂಗಳದಲ್ಲಿ ಸಾಲಾಗಿ ಒರಗಿಸಿದ್ದ ಮರದ ಜಾರುಬಂಡಿಗಳೂ. ಕಾವಳ ಕೆಳಗಿನಿಂದ ಹತ್ತಿ ಬಂದಿತ್ತು. ಮಗುವನ್ನು ಕೇಬಲ್ ಕಾರಿನಲ್ಲಿ ತಾನೇ ಇಳಿಸುತ್ತೇನೆ, ಈ ಮಂಜಿನಲ್ಲಿ ಬಂಡಿ ಬೇಡ ಎಂದು ವೆರೇನಾ ಹೇಳಿದಳಂತೆ. ಅದು ಬುರ್ಗಿಗೆ ತಿಳಿದದ್ದು ಕಾಸಿಯನ್ನನ ಉತ್ತರದಿಂದ. ಅವಳ ಮೈ ಬಿಸಿಯಾಯಿತು. ಈ ಇಳಿಜಾರಿಗೆ ಜಾರುದಾರಿ ಎಂಬ ಹೆಸರು ಬರುವ ಮೊದಲು, ಮೇಲಿನ ಕೊಟ್ಟಿಗೆಗಳಿಂದ ಹುಲ್ಲು ಇಳಿಸುವ ದಾರಿಯಾಗಿದ್ದಾಗಿನಿಂದ ಅವಳಿಗೆ ಇದರ ತಿರುವುಗಳು ಗೊತ್ತು. ಸೆರಾಫಿನ್ ಬಂಡಿಗೆ ಹೇರಿದ ಮನುಷ್ಯನೆತ್ತರದ ಹುಲ್ಲಿನ ಹೊರೆಯ ಮುಂದೆ ನಿಂತು, ಹಿಮ್ಮಡಿ ಊರಿ, ಎರಡು ಗುಡ್ಡಕ್ಕೆ ಕೇಳುವಂತೆ 'ದಾರೀ ಬಿಡೀ' ಎಂದು ಕೂಗುತ್ತ ಇಳಿಯುತ್ತಿದ್ದ. ಇವತ್ತು ಔಷಧಿ ಅಂಗಡಿಯವಳು ಇಲ್ಲಿ ಮಂಜಿದೆ ಎಂದು ತನಗೆ ಹೇಳುವುದೇ? "ಮಗು ನನ್ನ ಜೊತೆ ಬರತ್ತೆ," ಎಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಪಕ್ಕದ ಗಂಡಹೆಂಡಿರು ಮತ್ತೆ ಈ ಕಡೆ ನೋಡಿದರು.

ಕಾಸಿಯನ್ ಇಬ್ಬರ ನಡುವೆ ಸಿಕ್ಕಿಕೊಂಡವನಂತೆ ಟೊಪ್ಪಿ ತಿರುಗಿಸುತ್ತ ಕೂತ. ಕೊನೆಗೆ, ಅಮ್ಮ ಇಲ್ಲಿ ಹುಟ್ಟಿದೋಳು ಕಣೇ, ನಮಗಿಂತ ಚೆನ್ನಾಗಿ ಓಡಿಸ್ತಾಳೆ ಎಂದು ಹೆಂಡತಿಗೆ ಹೇಳಿದ. ತಾಯಿಗೆ, ನೀವು ಮುಂದೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ನಾವು ಬರ್ತೀವಿ, ತಿರುವು ಬಂದಾಗೆಲ್ಲ ಕೂಗ್ತೀನಿ, ಕೂಗು ಕೇಳಿದ ತಕ್ಷಣ ಪಕ್ಕಕ್ಕೆ ಹೋಗಿ ಎಂದ. ಬುರ್ಗಿಗೆ ಅದಷ್ಟೂ ಕೇಳಿಸಿತು. ಮಗನ ದನಿ ದಪ್ಪ, ಅಪ್ಪನದೇ ಅಚ್ಚು. ವೆರೇನಾ ಮುಖ ಆಚೆ ತಿರುಗಿಸಿ ಏನೋ ಅಂದಳು. ಏನಂದಳು ಎಂದು ತಿಳಿಯಲು ಬುರ್ಗಿ ಆಫ್ರಾಳ ಕಡೆ ನೋಡಿದಳು. ಅದೊಂದೇ ಸಲ ಆಫ್ರಾ ಮಾತನ್ನು ತಿರುಗಿ ಹೇಳಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿತ್ತು.

ಮೊದಲ ತಿರುವು ದಾಟುವವರೆಗೆ ಹೋಟೆಲಿನ ಸೌದೆ ಹೊಗೆಯ ವಾಸನೆ ಬೆನ್ನ ಹಿಂದೆ ಇತ್ತು. ಆಮೇಲೆ ವಾಸನೆಯೂ ಇಲ್ಲ. ಮಗು ಮುಂದೆ, ಅವಳ ಮೊಣಕಾಲುಗಳ ನಡುವೆ. ಹಗ್ಗ ಅವಳ ಕೈಯಲ್ಲಿ. ಬಂಡಿಯ ಕಬ್ಬಿಣದ ಪಟ್ಟಿ ಗಡುಸು ಹಿಮವನ್ನು ಕೊರೆಯುವ ನಡುಕ ಸೊಂಟದಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ಸದ್ದನ್ನು ಅವಳು ಹಾಗೇ ಹಲ್ಲಿನಲ್ಲಿ ಕೇಳುತ್ತಿದ್ದಳು. ಇಕ್ಕೆಲದ ದೇವದಾರುಗಳು ಬಂಡಿಯ ಮೂತಿಯ ಹತ್ತಿರ ಬಂದಾಗಷ್ಟೇ ಕಪ್ಪಗೆ ಹುಟ್ಟಿ ಪಕ್ಕಕ್ಕೆ ಸರಿದು ಇಲ್ಲವಾಗುತ್ತಿದ್ದವು. ಕಾಲು ಊರಬೇಕಾದ ಜಾಗದಲ್ಲಿ ಕಾಲು ತಾನಾಗಿ ಊರುತ್ತಿತ್ತು. ಮೈಗೆ ಮರೆತಿಲ್ಲ, ಎಂದುಕೊಂಡಳು, ಸೊಸೆಗೆ ಉತ್ತರ ಕೊಟ್ಟಂತೆ ಎನ್ನಿಸಿ ಒಳಗೇ ಖುಷಿಯಾಯಿತು. ಬಿಳಿ ಎಷ್ಟು ದಟ್ಟವಾಗಿತ್ತೆಂದರೆ ತಾವು ಇಳಿಯುತ್ತಿದ್ದೇವೋ ಹತ್ತುತ್ತಿದ್ದೇವೋ ಎಂಬುದು ಹೊಟ್ಟೆಗೆ ಮಾತ್ರ ಗೊತ್ತಾಗುತ್ತಿತ್ತು.

ಆಗ ಕೇಳಿಸಿತು. "ದಾರೀ ಬಿಡೀ."

ಕೇಳಿಸಿತು ಎಂದರೆ ಹಲ್ಲಿನಲ್ಲಲ್ಲ, ಕಿವಿಯಲ್ಲಿ. ಒಂದಕ್ಷರವೂ ಮುರಿಯದೆ, ದಾರಿಯ ದಕಾರ, ಬಿಡಿಯ ಡಕಾರ, ಕೊನೆಯ ಎಳೆತ, ಎಳೆತದ ತುದಿಯಲ್ಲಿ ಉಸಿರು ಮುಗಿಯುವ ಸಣ್ಣ ಬಿರುಕು. ಎಡಗಿವಿಯ ಸಿಳ್ಳೆ ಯಾರೋ ಕೆಟಲನ್ನು ಕೆಳಗಿಳಿಸಿದಂತೆ ನಿಂತುಹೋಗಿತ್ತು. ಅವಳು ಯೋಚಿಸಲಿಲ್ಲ. ಎಡ ಹಿಮ್ಮಡಿ ಊರಿ, ಹಗ್ಗ ಎಳೆದು, ಬಂಡಿಯನ್ನು ಅಂಚಿನ ಮೆತ್ತನೆಯ ಹಿಮಕ್ಕೆ ನುಗ್ಗಿಸಿ ನಿಲ್ಲಿಸಿದಳು. ಮಗುವನ್ನು ಎದೆಗೆ ಒತ್ತಿಕೊಂಡು ಕಾದಳು. ಮಗನ ದನಿ ಅಪ್ಪನದೇ ಅಚ್ಚು ನಿಜ, ಆದರೆ ಕಾಸಿಯನ್ ಹೀಗೆ ಎಳೆಯುವುದಿಲ್ಲ. ಅದು ಹೊರೆಯ ಮುಂದೆ ನಿಂತವನ ಎಳೆತ. ಯಾವ ಬಂಡಿಯೂ ಬರಲಿಲ್ಲ. ಮಗುವಿನ ಹೆಲ್ಮೆಟ್ಟು ಮಾತ್ರ ಬುರ್ಗಿಯ ಎದೆಗೆ ತಾಗಿಕೊಂಡಂತೆಯೇ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು, ಬೀದಿಯಲ್ಲಿ ಹೋಗುವ ಗಾಡಿಯನ್ನು ಕಟ್ಟೆಯ ಮೇಲೆ ಕೂತು ನೋಡುವವರ ತಲೆ ಹೊರಳುವ ಹಾಗೆ. ಒಂದು ಕೊಂಬೆಯಿಂದ ಹಿಮ ಜಾರಿತು. ಗಾಳಿಯಿರಲಿಲ್ಲ.

ಸತ್ತ ದಿನ ಸೆರಾಫಿನ್ ನೆಲಮಾಳಿಗೆಗೆ ಆಲೂಗಡ್ಡೆ ತರಲು ಹೋಗಿದ್ದ, ಅವಳು ಅಡಿಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು, ರೇಡಿಯೋ ಜೋರಾಗಿತ್ತು. ರೇಡಿಯೋ ಅಷ್ಟು ಜೋರಾಗಿ ಯಾಕಿತ್ತು ಎಂದು ಯಾರೂ ಕೇಳಲಿಲ್ಲ. ಮೆಟ್ಟಿಲಿನಿಂದ ಬಿದ್ದ ಗಳಿಗೆಯಲ್ಲೇ ಪ್ರಾಣ ಹೋಗಿರಬಹುದು ಎಂದಿದ್ದರು ಡಾಕ್ಟರು. ಆ 'ಬಹುದು' ಎಂಬ ಬಾಲ ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಒಟ್ಟೀಲಿಯಾ ಅವಳ ಕೈ ಹಿಡಿದು, "ಯಾರೋ ಕೂಗಿದ ಹಾಗಾಯ್ತು ಕಣೆ, ನೀನು ಒಳಗೇ ಇದ್ದೀಯಲ್ಲ ಅಂತ ಸುಮ್ನಾದೆ," ಎಂದಿದ್ದಳು, ಸಮಾಧಾನದ ಮಾತು ಎಂಬಂತೆ. ಈಗ ಈ ಬಿಳಿಯಲ್ಲಿ ಅಷ್ಟು ಚೊಕ್ಕವಾಗಿ ಕೇಳಿಸಿದ್ದಕ್ಕೆ ಅವಳಿಗೆ ಭಯವಾಗಬೇಕಿತ್ತು. ಆಗಿದ್ದು ಸಂತೋಷ. ಕಿವಿ ಬಂತು ಎಂಬ ಸಂತೋಷ. ಅದರ ಹಿಂದೆಯೇ ನಾಚಿಕೆ, ಸತ್ತವನನ್ನು ಕಿವಿಯ ಡಾಕ್ಟರನನ್ನಾಗಿ ಮಾಡಿಕೊಂಡೆನಲ್ಲ ಎಂದು. ಸಿಳ್ಳೆ ಮತ್ತೆ ಶುರುವಾಗಿತ್ತು. "ಯಾರೋ ಬರ್ತಿದಾರೆ ಅಂದ್ಕೊಂಡೆ," ಎಂದು ಮಗುವಿಗೆ ಹೇಳಿ, ಬಂಡಿಯನ್ನು ಮತ್ತೆ ದಾರಿಗೆ ಎಳೆದಳು. ಇನ್ನು ಏನು ಕೇಳಿಸಿದರೂ ನಂಬುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಮುಂದಿನ ತಿರುವಿನಲ್ಲಿ ಆಫ್ರಾ ಕತ್ತು ಹಿಂದಕ್ಕೆ ತಿರುಗಿಸಿತು. ಅದರ ತುಟಿ ಆಡಿದ್ದು ಕಾಣಿಸಿತು. ಅಪ್ಪ ಎಂದಿರಬೇಕು. ಮಗು ಸುಮ್ಮನೆ ಹೆದರಿದೆ ಎಂದುಕೊಂಡು ಬುರ್ಗಿ ನಕ್ಕು, ಮುಂದೆ ನೋಡು ಎಂದು ಗಲ್ಲದಿಂದ ಸನ್ನೆ ಮಾಡಿದಳು. ಮಗು ಅವಳ ತೋಳನ್ನು ಹಿಡಿದು ಎಳೆಯಿತು. ಅದರ ಬಾಯಿ ದೊಡ್ಡದಾಗಿ ತೆರೆಯಿತು, ಮುಖ ಕೆಂಪಗಾಯಿತು, ಕಣ್ಣು ಅಜ್ಜಿಯ ಭುಜದ ಮೇಲಿಂದ ಹಿಂದಿನ ಯಾವುದನ್ನೋ ನೋಡುತ್ತಿತ್ತು. ಆಗಲೂ ಬುರ್ಗಿ ಹಿಂತಿರುಗಲಿಲ್ಲ. ಹಿಂತಿರುಗಿದರೆ ಅಲ್ಲಿ ಹುಲ್ಲಿನ ಹೊರೆ ಇರುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಬೆನ್ನಿಗೆ ಬಿದ್ದದ್ದು ಹುಲ್ಲಲ್ಲ. ಮರ ಮರಕ್ಕೆ ಬಡಿದ ಏಟು ಹಲ್ಲಿನಲ್ಲಿ ಸಿಡಿಯಿತು. ಕಣ್ಣು ಬಿಟ್ಟಾಗ ಅವಳು ಅಂಚಿನ ಹಿಮದಲ್ಲಿ ಮೊಣಕಾಲೂರಿದ್ದಳು, ಮೈಗೆ ಏನೂ ಆಗಿರಲಿಲ್ಲ. ಕಾಸಿಯನ್ನನ ಬಂಡಿ ಮಗುಚಿಕೊಂಡಿತ್ತು. ಆಫ್ರಾ ದಾರಿಯ ನಡುವೆ ಕೂತಿತ್ತು, ಒಂದು ತೋಳು ತನ್ನದಲ್ಲವೆಂಬಂತೆ ಜೋಲುಬಿದ್ದಿತ್ತು, ತುಟಿ ಸೀಳಿ ಗಲ್ಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅಳುತ್ತಿರಲಿಲ್ಲ. ವೆರೇನಾ ಆಗಲೇ ಅದರ ಹತ್ತಿರ ಮಂಡಿಯೂರಿ ತನ್ನ ಮಫ್ಲರಿನಲ್ಲಿ ತೋಳನ್ನು ಎದೆಗೆ ಕಟ್ಟುತ್ತಿದ್ದಳು.

ಕಾಸಿಯನ್ ತಾಯಿಯ ಮುಂದೆ ಬಂದು ನಿಂತ. "ಅಷ್ಟು ಸಲ ಕೂಗಿದ್ನಲ್ಲಮ್ಮ. ಕೇಳಿಸ್ಲಿಲ್ವಾ?"

ಬುರ್ಗಿ ಬಾಯಿ ತೆರೆದಳು. ಏನು ಹೇಳುವುದಿತ್ತೋ, ಅದು ಆ ಗಳಿಗೆಯಲ್ಲಿ ನಾಲಿಗೆಯ ಮೇಲೆ ಇತ್ತೋ ಇಲ್ಲವೋ, ಮುಂದೆ ಎಷ್ಟು ಹುಡುಕಿದರೂ ಅವಳಿಗೆ ಸಿಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಮಗು ಮಾತಾಡಿತ್ತು, ರಕ್ತ ತುಂಬಿದ ಬಾಯಲ್ಲಿ, ಅಜ್ಜಿಗೆ ಕೇಳಿಸಲಿ ಎಂದು ತಾನು ಸದಾ ಆಡುವ ಆ ಗಟ್ಟಿ ದನಿಯಲ್ಲಿ.

"ಅಪ್ಪ ಕೂಗಲಿಲ್ಲ."

ಕಾಸಿಯನ್ ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೂಗಿದೆ ಅಲ್ವೇನೇ ಎಂದು ಕೇಳಿದ. ವೆರೇನಾ ಬಂಡಿಯ ಓಟದ ಗಾಳಿಗೆ ಟೊಪ್ಪಿಗೆ ಎಳೆದುಕೊಂಡು ಅವನ ಬೆನ್ನಿಗೆ ಮುಖವಿಟ್ಟು ಕೂತಿದ್ದವಳು. ಒಂದು ಸಲ ಕೂಗಿದ ಹಾಗಿತ್ತು, ಅದು ಮೇಲಿನ ತಿರುವಿನಲ್ಲೇನೋ, ಸರಿಯಾಗಿ ಗೊತ್ತಿಲ್ಲ ಎಂದಳು. "ಕೂಗಿದೆ," ಎಂದ ಕಾಸಿಯನ್. ಮಗುಚಿದ್ದ ಬಂಡಿಯನ್ನು ಎತ್ತಿ ನಿಲ್ಲಿಸುತ್ತ, "ಕೂಗಿದೆ ಅಂತಲೇ ಅಂದ್ಕೊಂಡೆ," ಎಂದ. ಬುರ್ಗಿಯ ಕಣ್ಣೆದುರಿಗೇ, ಬಿಸಿಲಿಗಿಟ್ಟ ಮಂಜುಗಡ್ಡೆಯ ಹಾಗೆ, ಅವನಿಗೆ ಗೊತ್ತಿದ್ದುದು ಅಂಚಿನಿಂದ ಕರಗುತ್ತ ಬಂತು. ಅವಳು ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಅವಳು ಮಗುವಿನ ಗಲ್ಲ ಒರೆಸಲು ಹೋದಳು. ವೆರೇನಾ ಅವಳ ಕೈಯನ್ನು ಮೆಲ್ಲಗೆ, ಸಿಟ್ಟಿಲ್ಲದೆ, ಪಕ್ಕಕ್ಕೆ ಸರಿಸಿದಳು.

ಕೆಳಗಿನ ಊರಿನ ದವಾಖಾನೆಯಲ್ಲಿ ಭುಜದ ಮೂಳೆ ಬಿರಿದಿದೆ ಎಂದರು, ತುಟಿಗೆ ಹೊಲಿಗೆ ಹಾಕಿದರು. ಸಂಜೆಯವರೆಗೆ ಮಲಗಿಸಿಕೊಂಡು ಕಳಿಸುತ್ತೇವೆ, ಗಾಬರಿ ಬೇಡ ಎಂದರು. ಕಾಸಿಯನ್ ಹೊರಗಿನ ಬೆಂಚಿನಲ್ಲಿ ಕೂತಿದ್ದ. ದೂರದಿಂದ ನೋಡಿದರೆ ಪ್ರಾರ್ಥನೆ ಮಾಡುತ್ತಿದ್ದಾನೆ ಎನ್ನಬೇಕು. ಹತ್ತಿರ ಹೋದಾಗ ಬುರ್ಗಿಗೆ ತುಟಿಯ ಆಕಾರ ಗೊತ್ತಾಯಿತು. ದಾರಿ ಬಿಡಿ, ದಾರಿ ಬಿಡಿ ಎಂದು ದನಿಯಿಲ್ಲದೆ ಹೇಳಿ ನೋಡಿಕೊಳ್ಳುತ್ತಿದ್ದ. ತಾಯಿಯನ್ನು ಕಂಡು ನಿಲ್ಲಿಸಿದ. "ಬಾಯಿ ತೆರೆದದ್ದು ನೆನಪಿದೆ ಅಮ್ಮ. ಗಾಳಿ ಬಾಯೊಳಗೆ ಹೊಕ್ಕಿದ್ದೂ ನೆನಪಿದೆ. ಸದ್ದು ನೆನಪಿಲ್ಲ." ನಾಳೆ ಬೆಳಿಗ್ಗೆ ಶಾಲೆ ಮಕ್ಕಳ ಬಸ್ಸಿದೆ ಎಂದ. ಬ್ರೇಕು ಒತ್ತಿದೆ ಅಂತ ನಾನು ಅಂದುಕೊಂಡು, ಒತ್ತಿರದೇ ಇದ್ದರೆ, ಎಂದ. ಅವನ ಕೈ ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದಿತ್ತು, ಮಗುವಿನ ಆ ತೋಳಿನಂತೆಯೇ. ಬುರ್ಗಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಔಷಧಿ ತರಲು ಹೋಗಿದ್ದ ವೆರೇನಾ ಬರುವುದರೊಳಗೆ ಎಂದು ಮಗು ಮಲಗಿದ್ದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಆಫ್ರಾ ಎಚ್ಚರವಾಗಿತ್ತು. ಕಿವಿ ಕೊಡು ಎಂದು ಸನ್ನೆ ಮಾಡಿತು. ಬುರ್ಗಿ ಬಗ್ಗಿ ಬಲಗಿವಿಯನ್ನು ಅದರ ಊದಿದ ತುಟಿಯ ಹತ್ತಿರ ತಂದಳು. ನಿಂಗೆ ಕೇಳಿಸಲ್ಲ ಅಂತ ಗೊತ್ತಾದ್ರೆ ಅಮ್ಮ ನನ್ನ ಇನ್ಮೇಲೆ ನಿನ್ನ ಹತ್ರ ಬಿಡಲ್ಲ, ಅದಕ್ಕೇ ಹಾಗಂದೆ, ಎಂದಿತು ಮಗು. ಅಪ್ಪ ತುಂಬ ಸಲ ಕೂಗಿದ್ದ, ನಾನೂ ಕೂಗಿದೆ, ನಿನ್ನ ಎಳೆದೆ. ಹೇಳುವಾಗ ಅದಕ್ಕೆ ಅಳುವೇನೂ ಬರಲಿಲ್ಲ. ಲೆಕ್ಕ ಒಪ್ಪಿಸುವ ದೊಡ್ಡವರಂತೆ ಹೇಳಿತು. ಬುರ್ಗಿ ಅದರ ಹಣೆ ಸವರಿದಳು. ಬೇರೆ ಏನಾದರೂ ಹೇಳಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳ ಬಾಯಿಂದ ಬಂದದ್ದು, ಬೆಟ್ಟ ಇಳಿದಾಗಿನಿಂದ ಅದೊಂದೇ ಪ್ರಶ್ನೆ ಕೇಳಲು ಕಾದಿದ್ದಳೋ ಎಂಬಂತೆ ಬಂದದ್ದು, ಬೇರೆ.

"ಅದಕ್ಕೆ ಮೊದಲು, ನಾನು ಬಂಡಿ ಪಕ್ಕಕ್ಕೆ ಹಾಕಿದ್ನಲ್ಲ. ಆಗ ನಿಂಗೆ ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು."

"ಅಪ್ಪನ ಕೂಗಾ?"

ಮಗು ಇಲ್ಲವೆಂದು ತಲೆಯಾಡಿಸಿತು. "ಅಪ್ಪ ಮೇಲಿದ್ದ. ಅದು ಕೆಳಗಿಂದ ಬಂತು, ಅಜ್ಜಿ. ಕೆಳಗಿಂದ ಮೇಲಕ್ಕೆ. ನಮ್ಮ ಪಕ್ಕದಲ್ಲೇ ಹೋಯ್ತು."

ಬುರ್ಗಿ ಮಂಚದ ಅಂಚನ್ನು ಹಿಡಿದುಕೊಂಡಳು. ಇಳಿಜಾರಿನಲ್ಲಿ ಹತ್ತಿಕೊಂಡು ಬರುವವನು ದಾರಿ ಬಿಡಿ ಎಂದು ಯಾಕೆ ಕೂಗುತ್ತಾನೆ? ಭಾರ ಹೊತ್ತು ಇಳಿಯುವವನಲ್ಲವೇ ಕೂಗುವುದು? ಹೆಲ್ಮೆಟ್ಟು ನಿಧಾನ ಹೊರಳಿದ್ದು ನೆನಪಿಗೆ ಬಂತು. ಯಾವ ಕಡೆಯಿಂದ ಯಾವ ಕಡೆಗೆ? ಕೆಳಗಿನಿಂದ ಮೇಲಕ್ಕೇ ಇರಬೇಕು. ಅಥವಾ ಈಗ ಮಗು ಹೇಳಿದ ಮೇಲೆ ನೆನಪಿನಲ್ಲಿ ಹಾಗೆ ಹೊರಳುತ್ತಿದೆಯೋ. ಅವಳು ಮಗುವಿನ ಮುಖ ನೋಡಿದಳು. ಮಗುವೂ ಅವಳ ಮುಖವನ್ನೇ ನೋಡುತ್ತಿತ್ತು, ಗಮನವಿಟ್ಟು, ಹೇಳಿದ್ದು ಸರಿಹೋಯಿತೇ, ಅಜ್ಜಿಗೆ ಬೇಕಾದದ್ದು ಇದೇ ತಾನೇ ಎಂದು. ಆಗ ಅವಳಿಗೆ ಮೈ ತಣ್ಣಗಾಯಿತು, ಬೆಟ್ಟದ ಮೇಲೂ ಆಗಿರದಷ್ಟು. ಮಗುವಿಗೆ ಅದು ನಿಜವಾಗಿ ಕೇಳಿಸಿತ್ತೋ, ಇಲ್ಲ, ಅಜ್ಜಿಗೆ ಏನು ಕೇಳಿಸಬೇಕೋ ಅದನ್ನು ತಿರುಗಿ ಹೇಳುವ ಚಾಳಿಯಲ್ಲಿ ಇದನ್ನೂ ಹೇಳಿತೋ, ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ. ಕೇಳಿದರೆ ಮಗು ಹೇಳುತ್ತದೆ. ಎಷ್ಟು ಸಲ ಕೇಳಿದರೂ ಹೇಳುತ್ತದೆ. ದಿನಕ್ಕೊಂದು ವಿವರ ಸೇರಿಸಿ, ಹುಲ್ಲಿನ ಹೊರೆ ಎಂದರೆ ಹುಲ್ಲಿನ ಹೊರೆ, ತಾತ ಎಂದರೆ ತಾತ.

"ಇನ್ಮೇಲೆ ನಂಗೋಸ್ಕರ ಏನೂ ಹೇಳ್ಬೇಡ," ಎಂದಳು. ಮಗುವಿನ ಮುಖ ಚಿಕ್ಕದಾಯಿತು. ಅದನ್ನು ನೋಡುತ್ತ ನಿಂತರೆ ಅಲ್ಲೇ ಕೂತುಬಿಡುತ್ತೇನೆ ಎನ್ನಿಸಿ ಬುರ್ಗಿ ಹೊರಗೆ ಬಂದಳು.

ವೆರೇನಾ ಬಂದಿದ್ದಳು, ಗಂಡನ ಪಕ್ಕ ನಿಂತಿದ್ದಳು. ಬುರ್ಗಿ ಇಬ್ಬರನ್ನೂ ನೋಡದೆ, ಗೋಡೆಯ ಕಡೆ ನೋಡುತ್ತ ಹೇಳಿದಳು: ನೀನು ಕೂಗಿದ್ದೆ. ಮಗು ಕೇಳಿಸಿಕೊಂಡಿತ್ತು. ಕೇಳಿಸದೆ ಇದ್ದದ್ದು ನನಗೆ. ಮೂರು ವರ್ಷದಿಂದ ನನಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಮಗು ಎಲ್ಲರ ಮಾತನ್ನೂ ಎರಡು ಸಲ ಹೇಳುವುದು. ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಹೇಳಿ ಮುಗಿಸಿದ ಮೇಲೆ ಅವಳಿಗೆ ಹಗುರವಾಗುತ್ತದೆ ಎಂದಿತ್ತು. ಆಗಲಿಲ್ಲ.

ಕಾಸಿಯನ್ ಎದ್ದು ಬಂದು ಅವಳ ಎರಡೂ ಭುಜ ಹಿಡಿದ. ಅವನ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಕರುಣೆ. "ಬೇಡಮ್ಮ. ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡ. ಈಗ ನಾನು ಹೇಳಿದ್ದೆಲ್ಲ ಕೇಳಿಸ್ತಿದೆಯಲ್ಲ."

ನಿನ್ನ ಮುಖ ಕಾಣ್ತಿದೆಯಲ್ಲೋ, ಅದಕ್ಕೆ, ಎಂದಳು ಬುರ್ಗಿ. ಅವನು ನಂಬಲಿಲ್ಲ. ತಾಯಂದಿರು ಹೀಗೇ ಎಂಬಂತೆ ಮುಗುಳ್ನಗಲು ನೋಡಿದ, ಆ ನಗೆ ತುಟಿಗೆ ಬಂದು ಕೆಟ್ಟಿತು. ಆಗ ಅವಳು ಅವನ ಕೈ ಬಿಡಿಸಿಕೊಂಡು ಸೊಸೆಯ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ವೆರೇನಾಳ ಕಣ್ಣನ್ನು ಅವಳು ನೆಟ್ಟಗೆ ನೋಡಿದ್ದು ಬಹುಶಃ ಅದೇ ಮೊದಲು. ನೋಡುತ್ತಿದ್ದುದು ಯಾವಾಗಲೂ ತುಟಿಯನ್ನು. "ನನ್ನ ಹಿಂದೆ ಬಂದು ನಿಂತ್ಕೊಳೆ," ಎಂದಳು. "ಏನು ಬೇಕಾದ್ರೂ ಹೇಳು. ಬಾಯಿಗೆ ಬಂದದ್ದು ಹೇಳು. ನನ್ನ ಮಗ ನನ್ನ ಮುಖ ನೋಡ್ತಿರಲಿ."

ವೆರೇನಾ ಅವಳನ್ನು ದಾಟಿಕೊಂಡು ಹಿಂದಕ್ಕೆ ಹೋದಳು. ಹೋಗುವಾಗ ಅಂಗಿ ತೋಳಿಗೆ ತಾಗಿತು. ಆಮೇಲೆ ಅವಳು ಇದ್ದಾಳೆ ಎನ್ನುವುದಕ್ಕೆ ಯಾವ ಗುರುತೂ ಉಳಿಯಲಿಲ್ಲ. ಬುರ್ಗಿ ಕೈಗಳನ್ನು ಪಕ್ಕಕ್ಕೆ ಬಿಟ್ಟು, ಫೋಟೋಕ್ಕೆ ನಿಂತವಳ ಹಾಗೆ ನಿಂತಳು. ಸಿಳ್ಳೆ ಒಂದೇ ಸಮನೆ ಇತ್ತು. ಇನ್ನೂ ಶುರುಮಾಡಿಲ್ಲವೋ. ಶುರುಮಾಡಿ ಮುಗಿಸಿದಳೋ. ಇಷ್ಟು ವರ್ಷ ಸೌಟು ಹಿಡಿದು, ಬಾಗಿಲಲ್ಲಿ ನಿಂತು, ಮುಖ ಆಚೆ ಮಾಡಿ ನುಂಗಿಕೊಂಡದ್ದನ್ನೆಲ್ಲ ಹೇಳುತ್ತಿರಬಹುದು, ಇಲ್ಲ, ಸುಮ್ಮನೆ ಒಂದು ಎರಡು ಮೂರು ಎಣಿಸುತ್ತಿರಬಹುದು. ಬುರ್ಗಿ ರೆಪ್ಪೆ ಬಡಿಯಲಿಲ್ಲ. ಎದುರಿಗಿದ್ದ ಮಗನ ಕಣ್ಣು ಮೊದಲು ಅವಳ ಮುಖದ ಮೇಲಿತ್ತು, ಆಮೇಲೆ ಅವಳ ಹೆಗಲಾಚೆ ಹೋಯಿತು, ಮತ್ತೆ ಅವಳ ಮುಖಕ್ಕೆ ಬಂತು, ಅಲ್ಲಿ ಏನನ್ನೋ ಹುಡುಕಿತು, ಸಿಗದೆ ಮತ್ತೆ ಹೆಗಲಾಚೆ ಹೋಯಿತು. ಅವನ ಮುಖದ ಬಣ್ಣ ಇಳಿಯಿತು. ಸಾಕು ಎಂಬಂತೆ ಅವನು ಕೈಯೆತ್ತಿದ, ಬುರ್ಗಿಗಲ್ಲ, ಅವಳ ಹಿಂದಿದ್ದವಳಿಗೆ. ಕೈಯೆತ್ತಿದ ಮೇಲೂ ಎಷ್ಟೋ ಹೊತ್ತು ಅವನ ಕಣ್ಣು ಅಲ್ಲಿಂದ ಕದಲಲಿಲ್ಲ. ಅಂದರೆ ಹಿಂದಿನಿಂದ ಮಾತು ಬರುತ್ತಲೇ ಇತ್ತು, ಅವಳ ಎರಡೂ ಪಕ್ಕದಿಂದ ಹಾದು ಹೋಗುತ್ತಲೇ ಇತ್ತು, ಅವಳು ಅದಕ್ಕೆ ದಾರಿ ಬಿಟ್ಟು ನಿಂತೇ ಇದ್ದಳು.